ಬೇಡಿ ತಂದ ಬಟ್ಟೆಯ ಅಂಗಿ

ನನ್ನ ತಮ್ಮ ಹೊಲಿದ ಚೂರುಬಟ್ಟೆಯ ಅಂಗಿಯನ್ನು ಈಗ ಮುಂಬಯಿಯ ಅರ್ಧದಷ್ಟು ಹುಡುಗರು ತೊಡುತ್ತಿದ್ದಾರೆ. ಅರ್ಧ ಎನ್ನುವುದು ನನ್ನ ಹೊಟ್ಟೆಕಿಚ್ಚಿನ ಅಂದಾಜು. ದಾದರ್ ಸ್ಟೇಶನ್ನಿನ ಸೇತುವೆಯ ಮೇಲೆ ದಿನಕ್ಕೆ ಇಬ್ಬರು ಕಂಡರೂ ಸಾಕು, ಇಡೀ ಸೇತುವೆಯೇ ಕೆಂಪು, ಹಸಿರು, ನೇರಳೆ ಚೂರುಗಳನ್ನು ತೊಟ್ಟುಕೊಂಡು ನನ್ನ ಕಡೆಗೆ ಇಳಿದು ಬರುತ್ತಿರುವಂತೆ ಕಾಣುತ್ತದೆ. ಪಕ್ಕದಲ್ಲಿ ಹೋಗುವವರು ಅದನ್ನು ಹೊಸ ಫ್ಯಾಶನ್ ಎನ್ನುತ್ತಾರೆ. ನಾನು ಅದನ್ನು ತೊಟ್ಟು ನಲವತ್ತು ವರ್ಷದ ಮೇಲಾಯಿತು.

ನಾನೊಬ್ಬ ಗುಮಾಸ್ತ. ವಿಕ್ರೋಳಿಯಲ್ಲಿ ಹೊಸದಾಗಿ ಎದ್ದ ಕಾರ್ಖಾನೆಯೊಂದರ ಆಫೀಸಿನಲ್ಲಿ ಕೆಲಸ, ದಾದರಿನ ಒಂದು ಚಾಳಿನಲ್ಲಿ ಎರಡು ಕೋಣೆಯ ಮನೆ, ಮನೆಯಲ್ಲಿ ಹೆಂಡತಿ ಮತ್ತು ಅಮ್ಮ. ಬಿಳಿ ಅಂಗಿ, ಬಿಳಿ ಪ್ಯಾಂಟು ಬಿಟ್ಟು ಬೇರೆ ತೊಟ್ಟವನಲ್ಲ. ಬೇಸಗೆಯಲ್ಲೂ ಕೊಡೆ ಹಿಡಿದು ಹೊರಡುತ್ತೇನೆ. ಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತೇನೆ, ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿ ನಾಲ್ಕನೆಯ ಸಲ ಎಳೆಯುತ್ತೇನೆ. ಹೆಂಡತಿ ಒಳಗೇ ಇರುತ್ತಾಳೆ ಎಂಬುದು ನೆನಪಾಗುವುದು ಆಮೇಲೆ. ನನ್ನನ್ನು ಹೀಗೆ ಮಾಡಿದ್ದು ಒಂದು ಅಂಗಿ ಎಂದು ಹೇಳಿದರೆ ಅವಳು, ಅಂಗಿಯ ಮೇಲೆ ಯಾಕೆ ಹೊರಿಸುತ್ತೀರಿ ಎಂದು ನಗುತ್ತಾಳೆ.

ಅಪ್ಪ ಮೈಸೂರು ಸೀಮೆಯವರು. ಹತ್ತಿ ವ್ಯಾಪಾರದ ಕಚೇರಿಯಲ್ಲಿ ಬರೆಯುವ ಕೆಲಸ ಸಿಕ್ಕಿ ಅಮ್ಮನನ್ನು ಕರೆದುಕೊಂಡು ಗಿರ್ಗಾಂವಿನ ಚಾಳಿಗೆ ಬಂದವರು. ಅಲ್ಲಿ ಅವರಿಗೆ ಮೂರು ಮಕ್ಕಳಾದವು. ಮೂರೂ ವರ್ಷ ತುಂಬುವ ಮೊದಲೇ ಹೋದವು. ನಾಲ್ಕನೆಯವನು ನಾನು. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸು ಯಾರಿಗೂ ಬೇಡದ್ದು, ಕಸದಂಥದ್ದು ಎಂದು ಯಮನಿಗೆ ತೋರಿಸಬೇಕು ಎನ್ನುವುದು ನಮ್ಮ ಕಡೆಯ ರೂಢಿ. ಅದಕ್ಕೆ ನನಗೆ ತಿಪ್ಪೆಗೆ ಸಂಬಂಧಪಟ್ಟ ಒಂದು ಹೆಸರಿಟ್ಟರು. ಅದನ್ನು ಇಲ್ಲಿ ಬರೆಯುವುದಿಲ್ಲ, ಆಫೀಸಿನಲ್ಲಿ ಯಾರಾದರೂ ಓದಿಯಾರು. ಮೂಗು ಚುಚ್ಚಿಸಿದರು. ಐದು ವರ್ಷ ಹೊಸ ಬಟ್ಟೆ ಮೈಗೆ ತಾಕಿಸಬಾರದು ಎಂದರು. ಮಕ್ಕಳು ಬದುಕಿ ಬಾಳುತ್ತಿರುವ ಮನೆಗಳ ಬಾಗಿಲಿಗೆ ಹೋಗಿ ಸೆರಗೊಡ್ಡಿ ಬೇಡಿ ತಂದ ಹಳೆ ಬಟ್ಟೆಯಲ್ಲೇ ನನ್ನ ಅಂಗಿ ಆಗಬೇಕಿತ್ತು.

ಊರಿನಲ್ಲಾಗಿದ್ದರೆ ಐದಾರು ಮನೆಯ ಒಂದೇ ಥರದ ಮಾಸಲು ಸೀರೆಯ ಚೂರುಗಳು ಸಿಗುತ್ತಿದ್ದವು. ಗಿರ್ಗಾಂವಿನಲ್ಲಿ ಹಾಗಾಗಲಿಲ್ಲ. ಮಡಿ ಮಡಿ ಎಂದು ನಲ್ಲಿಯ ನೀರಿಗೂ ಹಿಂಜರಿಯುತ್ತಿದ್ದ ನನ್ನ ಅಮ್ಮ ಆ ಒಂದು ಕೆಲಸಕ್ಕೆ ಯಾವ ಬಾಗಿಲನ್ನೂ ಬಿಡಲಿಲ್ಲ. ಪಕ್ಕದ ಮರಾಠಿ ಮನೆಯಿಂದ ಹಸಿರು ಸೀರೆಯ ಅಂಚು. ಮೇಲಿನ ಮಾಳಿಗೆಯ ಗುಜರಾತಿಯವರಿಂದ ಬಿಳಿ ಚುಕ್ಕಿಯ ಕೆಂಪು ಬಾಂಧಣಿ ಸೀರೆಯ ಚೂರು. ಬೀದಿಯಾಚೆಯ ಪಾರ್ಸಿ ಮುದುಕಿಯಿಂದ ಹಕ್ಕಿಯ ಕಸೂತಿಯಿದ್ದ ಒಂದು ರೇಷ್ಮೆ ತುಂಡು, ಅದರಲ್ಲಿ ಹಕ್ಕಿಯ ತಲೆ ಇರಲಿಲ್ಲ. ಗೋವೆಯ ಕ್ರಿಸ್ತುವರ ಮನೆಯಿಂದ ಕರಿಬಿಳಿ ಚೌಕಳಿಯ ಫ್ರಾಕಿನ ಚೂರು. ಜರಿ ವ್ಯಾಪಾರದ ಸಾಹೇಬರ ಮನೆಯಿಂದ ಅತ್ತರಿನ ವಾಸನೆಯ ನೇರಳೆ ಸ್ಯಾಟಿನ್. ಅಮ್ಮ ಇವನ್ನೆಲ್ಲ ಕರಿದಾರದಲ್ಲಿ ಕೈಯಿಂದಲೇ ಹೊಲಿದಳು. ನಾನು ಬೆಳೆದ ಹಾಗೆ ಅಂಗಿ ಗಿಡ್ಡವಾಗುತ್ತಿತ್ತು. ಆಗ ಮತ್ತೆ ನಾಲ್ಕು ಬಾಗಿಲು ಬೇಡಿ, ಅದೇ ಅಂಗಿಗೆ ಸುತ್ತಲೂ ಇನ್ನಷ್ಟು ಚೂರು ಕೂಡಿಸುತ್ತಿದ್ದಳು. ಹೀಗೆ ಅಂಗಿ ನನ್ನ ಜೊತೆಗೇ ಬೆಳೆಯಿತು. ಐದು ತುಂಬಿದರೂ ಅವಳಿಗೆ ನಂಬಿಕೆ ಬರಲಿಲ್ಲ, ಏಳರವರೆಗೆ ತೊಡಿಸಿದಳು.

ಈಗಿನ ಹುಡುಗರಿಗೆ ಇದೆಲ್ಲ ಸೊಗಸಾಗಿ ಕೇಳಿಸಬಹುದು. ನನಗೆ ಆಗಿದ್ದು ಬೇರೆ. ಚಾಳಿನ ಒಂದೊಂದು ಮಗುವೂ ನನ್ನ ಮೈಮೇಲೆ ತನ್ನ ಮನೆಯ ಚೂರು ಎಲ್ಲಿದೆ ಎಂಬುದನ್ನು ಬಲ್ಲದು. ಆಟದಲ್ಲಿ ನಾನು ಗೆದ್ದರೆ ಬಾಂಧಣಿಯವನು ಬಂದು ತನ್ನ ಚೂರನ್ನು ಹಿಡಿದೆಳೆದು, ನಮ್ಮ ಅಜ್ಜಿಯ ಸೀರೆ ವಾಪಸು ಕೊಡು ಎನ್ನುವನು. ಚೌಕಳಿ ಫ್ರಾಕಿನ ಹುಡುಗಿ ನನ್ನ ಬಗಲಿಗೆ ಬೆರಳಿಟ್ಟು, ಇಲ್ಲಿ ಹೊಲಸು ಮಾಡಬೇಡ, ಇದು ನನ್ನದು ಎಂದು ತಾಕೀತು ಮಾಡುವಳು. ನನ್ನ ಮೈಯಲ್ಲಿ ನನ್ನದು ಎನ್ನಬಹುದಾದ ಜಾಗ ಬಹುಶಃ ಮೂಗೊಂದೇ ಇತ್ತು, ಅದನ್ನೂ ಚುಚ್ಚಿದ್ದರು.

ನನಗೆ ಮೂರು ವರ್ಷವಾದಾಗ ತಮ್ಮ ಹುಟ್ಟಿದ. ಒಬ್ಬ ಉಳಿದಿದ್ದಾನೆ, ಇನ್ನು ಭಯವಿಲ್ಲ ಎಂದು ಅವನಿಗೆ ದೇವರ ಹೆಸರನ್ನೇ ಇಟ್ಟರು. ಅಪ್ಪ ಮೂಲ್ಜಿ ಜೇಠಾ ಮಾರ್ಕೆಟ್ಟಿನ ಕಡೆಯಿಂದ ಹೊಸ ಬಟ್ಟೆ ತಂದರು. ತಿಳಿನೀಲಿ, ಎಲ್ಲೂ ಒಂದು ಜೋಡಣೆಯಿಲ್ಲದ ಇಡೀ ಬಟ್ಟೆ. ಮಶಿನ್ನಿನಲ್ಲಿ ಹೊಲಿದ ಆ ಅಂಗಿಯನ್ನು ತೊಟ್ಟು ಅವನು ಚಾಪೆಯ ಮೇಲೆ ಕೂತಿದ್ದಾಗ ನಾನು ಹತ್ತಿರ ಹೋಗಿ ಬಟ್ಟೆಯನ್ನು ಮೂಸಿ ನೋಡಿದೆ. ಗಂಜಿಯ ವಾಸನೆ ಬರುತ್ತಿತ್ತು. ಆವತ್ತು ಅವನನ್ನು ಚಿವುಟಿದೆ. ಈ ಕೂಸು ಬದುಕುತ್ತದೆ ಎಂದು ಮನೆಯವರೆಲ್ಲ ನಂಬಿದ್ದರು, ಅದಕ್ಕೇ ಅವನಿಗೆ ಇಡೀ ಬಟ್ಟೆ ಸಿಕ್ಕಿತ್ತು. ಇದನ್ನು ಹೇಳಲು ಆಗ ನನಗೆ ಮಾತು ಬರುತ್ತಿರಲಿಲ್ಲ, ಚಿವುಟಲು ಬರುತ್ತಿತ್ತು.

ಅವನು ಆ ಕಾಲವನ್ನು ನೆನೆಸಿಕೊಳ್ಳುವ ಬಗೆಯೇ ಬೇರೆ. ಅಣ್ಣನಿಗೆ ಊರಿನ ಬಣ್ಣವೆಲ್ಲ, ನನಗೆ ಬರೀ ನೀಲಿ ಎಂದು ತಾನು ಅಳುತ್ತಿದ್ದೆ ಎನ್ನುತ್ತಾನೆ. ಅಳುತ್ತಿದ್ದದ್ದು ನಿಜ. ನಾನು ಅದು ಹೊಟ್ಟೆನೋವೆಂದು ತಿಳಿದಿದ್ದೆ.

ದೊಡ್ಡವರಾದ ಮೇಲೆ ನಾನು ಬಿಳಿಗೆ ಹೋದೆ. ಬಿಳಿ ಬಟ್ಟೆಯಲ್ಲಿ ಯಾರೂ ಬೆರಳಿಟ್ಟು, ಇದು ನಮ್ಮದು ಎನ್ನಲಾರರು. ಅವನು ಬಣ್ಣಕ್ಕೆ ಹೋದ. ಓದು ಬಿಟ್ಟು ದರ್ಜಿಯಾದ. ಅಂಧೇರಿ ಸ್ಟೇಶನ್ನಿನ ಹತ್ತಿರ ಎರಡು ಮಶಿನ್ನಿನ ಅಂಗಡಿ ಹಾಕಿದ. ಅಲ್ಲಿಂದ ಗೋರೆಗಾಂವಿನ ತನಕ ಇದ್ದ ಸ್ಟುಡಿಯೋಗಳಿಗೆ ಉಡುಪು ಹೊಲಿಯತೊಡಗಿದ. ಹೂವಿನ ಬುಷ್‌ಶರ್ಟು, ಕೊರಳಿಗೆ ಹಳದಿ ರುಮಾಲು, ನಲವತ್ತರ ಮೇಲಾದರೂ ಒಂದು ನರೆಗೂದಲಿಲ್ಲ. ಅವನು ನಮ್ಮ ಚಾಳಿನ ಮೆಟ್ಟಿಲು ಹತ್ತಿದರೆ ಬಾಗಿಲುಗಳು ತಾವಾಗಿ ತೆರೆಯುತ್ತಿದ್ದವು. ಯಾವ ನಟನ ಸೊಂಟದ ಅಳತೆ ಎಷ್ಟು ಎಂದು ತಿಳಿಯಲು ಹೆಂಗಸರು ಚಹಾ ಹಿಡಿದು ನಿಲ್ಲುತ್ತಿದ್ದರು. ನಾನು ಹನ್ನೆರಡು ವರ್ಷದಿಂದ ಅದೇ ಮೆಟ್ಟಿಲು ಹತ್ತುತ್ತಿದ್ದೇನೆ, ನೀರು ಬಂತೇ ಎಂದು ಕೇಳುವವರನ್ನು ಬಿಟ್ಟು ಯಾರೂ ಎದುರಾಗಿಲ್ಲ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಒಂದು ಭಾನುವಾರ ಊಟಕ್ಕೆ ಬಂದ ತಮ್ಮ ಎಲೆಯ ಮುಂದೆಯೇ ವಿಷಯ ತೆಗೆದ. ಒಂದು ಚಿತ್ರದ ನಾಯಕ ಬೀದಿಬೀದಿ ಸುತ್ತಿ ಬಳೆ ಮಾರುವವನಂತೆ. ಅವನ ಮೈಮೇಲೆ ಇಡೀ ಮುಂಬಯಿ ಕಾಣಬೇಕು, ಅಂಥ ಅಂಗಿ ಮಾಡಿಕೊಡು ಎಂದು ಸ್ಟುಡಿಯೋದವರು ಕೇಳಿದ್ದಾರೆ. ನಾಲ್ಕು ದರ್ಜಿಗಳು ಮಾಡಿ ತೋರಿಸಿದ್ದು ಅವರಿಗೆ ಹಿಡಿಸಿಲ್ಲ. ಇವನು ಮಾಡಿದ್ದು ಹಿಡಿಸಿದರೆ ಮುಂದಿನ ಚಿತ್ರಗಳೂ ಇವನದೇ.

“ಅಣ್ಣ, ನಿನ್ನ ಆ ಅಂಗಿ ಬೇಕು,” ಎಂದ. “ಅಮ್ಮನ ಟ್ರಂಕಿನಲ್ಲಿದೆಯಲ್ಲ, ಅದು. ಬಿಚ್ಚಿ ನೋಡ್ತೀನಿ.”

ಹಳೆಯ ಉಡುಪಿನ ನಕಲು ತೆಗೆಯಬೇಕಾದರೆ ದರ್ಜಿಗಳು ಅದರ ಹೊಲಿಗೆಯನ್ನೆಲ್ಲ ಬಿಚ್ಚಿ, ಒಂದೊಂದು ತುಂಡನ್ನೂ ಕಾಗದದ ಮೇಲೆ ಚಪ್ಪಟೆಯಾಗಿ ಹರಡಿ ಸುತ್ತ ಗೆರೆ ಎಳೆಯುತ್ತಾರೆ. ನನ್ನ ಅಂಗಿಯಲ್ಲಂತೂ ಚೂರಿನ ಕೆಳಗೆ ಚೂರು, ಏಳು ವರ್ಷದ ಪದರಗಳು. ಬಿಚ್ಚದೆ ಯಾವುದು ಎಲ್ಲಿಂದ ಹೊರಟಿದೆ ಎಂದು ತಿಳಿಯುವಂತಿರಲಿಲ್ಲ. ಬಿಚ್ಚಿ ಹಾಗೆಯೇ ಮತ್ತೆ ಹೊಲಿದು ಕೊಡುತ್ತೇನೆ ಎಂದ. ನಾನು ಕಲಸಿದ ಅನ್ನವನ್ನು ಎಲೆಯಲ್ಲೇ ಬಿಟ್ಟೆ.

ನಿಜ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ಎಫ್. ಎ. ವರೆಗೆ ಓದಿದ, ದಿನವೂ ಇಂಗ್ಲಿಷ್ ಪತ್ರಿಕೆ ನೋಡುವ ಈ ಮನುಷ್ಯನಿಗೆ ಒಂದು ಗುಟ್ಟಿನ ನಂಬಿಕೆ ಇತ್ತು. ನಾನು ಬದುಕಿರುವುದು ಆ ಕರಿದಾರದ ಬಲದಿಂದ, ಅದು ಬಿಚ್ಚಿದ ದಿನ ನನಗಿಂತ ಮೊದಲು ಹುಟ್ಟಿದ ಮೂವರು ಹೋದ ಕಡೆಗೆ ನಾನೂ ಹೋಗುತ್ತೇನೆ. ಇದನ್ನು ಹೆಂಡತಿಗೂ ಹೇಳಿರಲಿಲ್ಲ. ಆ ಭಯದ ಪಕ್ಕದಲ್ಲೇ ಹೊಟ್ಟೆಕಿಚ್ಚೂ ಕಾಲು ಚಾಚಿ ಕೂತಿತ್ತು. ಇಡೀ ಬಟ್ಟೆಯ ಅಂಗಿ ಇವನಿಗೇ ಸಿಕ್ಕಿತು, ದೇವರ ಹೆಸರೂ ಇವನಿಗೇ. ಈಗ ನನ್ನ ಅವಮಾನವನ್ನೂ ಇವನಿಗೇ ಕೊಡಬೇಕೆ, ಅದರಿಂದ ಇವನು ಹೆಸರು ಮಾಡಬೇಕೆ. ಎರಡರಲ್ಲಿ ಯಾವುದು ಹೆಚ್ಚಿತ್ತು ಎಂದರೆ, ಹಗಲು ಹೊಟ್ಟೆಕಿಚ್ಚು ಎನ್ನಬೇಕು.

ಬಾಯಲ್ಲಿ ಮಾತ್ರ ಅದು ಹುಳು ತಿಂದಿರಬೇಕು, ಧೂಳು, ನಿನಗೆ ಕೆಮ್ಮು ಹತ್ತೀತು ಎಂದೆಲ್ಲ ಹೇಳಿದೆ. ತಮ್ಮ, ಮುಂದಿನ ಭಾನುವಾರ ಬರುತ್ತೇನೆ, ಹುಡುಕಿಡಿ ಎಂದು ಹೋದ.

ಮಾರನೆಯ ಬೆಳಿಗ್ಗೆ ಅಮ್ಮ ಸ್ನಾನಕ್ಕೆ ಹೋದಾಗ ನಾನು ಟ್ರಂಕಿನಿಂದ ಅಂಗಿ ತೆಗೆದು, ಪತ್ರಿಕೆಯಲ್ಲಿ ಸುತ್ತಿ, ಊಟದ ಡಬ್ಬಿಯ ಚೀಲದಲ್ಲಿಟ್ಟುಕೊಂಡು ವಿಕ್ರೋಳಿಗೆ ಒಯ್ದೆ. ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಒಂದು ಗಂಟೆ ನೆಮ್ಮದಿಯಾಗಿದ್ದೆ. ಆಮೇಲೆ, ಕಾರ್ಖಾನೆಗೆ ಬೆಂಕಿ ಬಿದ್ದರೆ ಎನಿಸಿತು. ಸಂಜೆ ಮತ್ತೆ ಚೀಲಕ್ಕೆ ಹಾಕಿಕೊಂಡೆ. ಲೋಕಲ್ಲಿನ ನೂಕುನುಗ್ಗಲಿನಲ್ಲಿ ಸಾರಿನ ಡಬ್ಬಿಯ ಮುಚ್ಚಳ ಸಡಿಲಾಗಿ, ನನ್ನ ಆಯುಸ್ಸಿನ ಮೇಲೆ ಒಂದು ಮೂಲೆಯಲ್ಲಿ ಸಾರು ಚೆಲ್ಲಿತು. ಹೀಗೆ ನಾಲ್ಕು ದಿನ ಅಂಗಿ ದಾದರಿನಿಂದ ವಿಕ್ರೋಳಿಗೆ, ವಿಕ್ರೋಳಿಯಿಂದ ದಾದರಿಗೆ ಪಾಸಿಲ್ಲದೆ ಓಡಾಡಿತು.

ಐದನೆಯ ದಿನ ಸಂಜೆ ಮನೆಗೆ ಬಂದರೆ ಟ್ರಂಕು ಕೋಣೆಯ ನಡುವೆ ಬಾಯಿ ತೆರೆದು ಕೂತಿತ್ತು. ಅಮ್ಮ ಅದರ ಪಕ್ಕದಲ್ಲಿ.

“ಎಲ್ಲೋ ಅದು?” ಎಂದಳು.

ನಾನು ಚೀಲದಿಂದ ತೆಗೆದು ಕೊಟ್ಟೆ. ಅವಳು ಬಿಡಿಸಿ, ಮೂಸಿ, ಸಾರಿನ ಕಲೆಯನ್ನು ಹೆಬ್ಬೆರಳಿನಿಂದ ಉಜ್ಜಿದಳು. ಹೆಂಡತಿ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತು, ಇದಕ್ಕೋಸ್ಕರವೇ ಏನು ನಾಲ್ಕು ದಿನದಿಂದ ಡಬ್ಬಿಯನ್ನು ಎದೆಗವಚಿಕೊಂಡು ಹೋಗುತ್ತಿದ್ದದ್ದು, ನನ್ನ ಅಡಿಗೆಯ ಮೇಲೆ ಪ್ರೀತಿ ಬಂತೇನೋ ಅಂದುಕೊಂಡಿದ್ದೆ ಎಂದಳು.

ಇದು ನನ್ನ ಅಂಗಿ, ಕೊಡುವುದು ಬಿಡುವುದು ನನ್ನ ಇಷ್ಟ ಎಂದೆ. ಐದು ವರ್ಷದ ಹುಡುಗನ ದನಿ ಬಂತು.

“ನಿನ್ನದು ಹೇಗಾಯ್ತೋ?” ಎಂದಳು ಅಮ್ಮ. “ಹದಿನಾಲ್ಕು ಮನೆ ಬಾಗಿಲಲ್ಲಿ ಸೆರಗೊಡ್ಡಿ ನಿಂತವಳು ನಾನು. ಒಬ್ಬಳೂ ಇಲ್ಲ ಅನ್ನಲಿಲ್ಲ. ಆ ಪಾರ್ಸಿ ಅಜ್ಜಿಗೆ ನನ್ನ ಮಾತೇ ತಿಳೀತಿರಲಿಲ್ಲ, ಆದರೂ ಕತ್ತರಿ ತಗೊಂಡು ತನ್ನ ಸೀರೇನೇ ಕತ್ತರಿಸಿಕೊಟ್ಟಳು. ಬೇಡಿ ತಂದದ್ದು ಕಣೋ ಇದು. ಬೇಡೋಕೆ ಬಂದವನಿಗೆ ಇಲ್ಲ ಅನ್ನೋಕಾಗಲ್ಲ.”

ಬಿಚ್ಚುತ್ತಾನಂತಲ್ಲ ಎಂದೆ. ಅವಳು ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು ಎಂದು ನನಗೆ ಅರ್ಥವಾಯಿತು. ಆ ಭಯವನ್ನು ನನ್ನೊಳಗೆ ಹೊಲಿದವಳು ಅವಳೇ ಅಲ್ಲವೆ. ಅಂಗಿಯನ್ನು ಮಡಿಸಿ ನನ್ನ ಕೈಗಿಟ್ಟು, “ನೀನೇ ತಗೊಂಡು ಹೋಗಿ ಅವನ ಕೈಗೆ ಕೊಡು. ಹೇಳೋದಿದ್ರೆ ನೀನೇ ಹೇಳು,” ಎಂದಳು.

ಶನಿವಾರ ಅರ್ಧ ದಿನ. ಅಂಧೇರಿಗೆ ಹೋದೆ. ಅಂಗಡಿಯಲ್ಲಿ ಗಿರಾಕಿಗಳು ಬೆಂಚಿನ ತುಂಬ ಕೂತಿದ್ದರು. ನನ್ನ ತಮ್ಮನನ್ನು ಎಲ್ಲರೂ ಮಾಸ್ಟರ್ ಎಂದು ಕರೆಯುತ್ತಿದ್ದರು. ಆಫೀಸಿನಲ್ಲಿ ನನ್ನನ್ನು, ಏ ಮದ್ರಾಸಿ ಎನ್ನುತ್ತಾರೆ, ಅದೂ ಪ್ರೀತಿ ಬಂದಾಗ. ಅವನು ಕತ್ತರಿ ಕೆಳಗಿಟ್ಟು ಎದ್ದು ಬಂದ. ಪೊಟ್ಟಣ ಬಿಚ್ಚಿದ. ಅಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದ. ಅವನ ಕಣ್ಣಿನಲ್ಲಿ ಕಂಡದ್ದನ್ನು ನಾನು ಬಲ್ಲೆ, ಅದು ನಮ್ಮ ಮನೆತನದ್ದು. ಚಾಪೆಯ ಮೇಲೆ ನೀಲಿ ಅಂಗಿ ತೊಟ್ಟು ಕೂತ ಕೂಸು ನಲವತ್ತು ವರ್ಷದಿಂದ ಈ ಬಣ್ಣಕ್ಕಾಗಿ ಹೊಟ್ಟೆಕಿಚ್ಚು ಪಡುತ್ತಿತ್ತು. ನನಗಿಂತ ಹೆಚ್ಚೇ ಇದ್ದೀತು ಎನಿಸಿ ಅದರಲ್ಲೂ ಸೋತೆನಲ್ಲ ಎಂದುಕೊಂಡೆ.

ಬಿಚ್ಚಬೇಡ ಎಂದು ಹೇಳಲು ಬಾಯಿ ತೆರೆದೆ. ಬೆಂಚಿನ ಮೇಲಿದ್ದವರೆಲ್ಲ ನೋಡುತ್ತಿದ್ದರು. “ಸಾರಿನ ಕಲೆ ಇದೆ, ನೋಡಿಕೋ,” ಎಂದು ಹೇಳಿ ಬಂದೆ.

ಮುಂದಿನ ಹತ್ತು ದಿನ ನಾನು ಬದುಕಿದ ರೀತಿಯನ್ನು ಬರೆಯಲು ನಾಚಿಕೆಯಾಗುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಟ್ರಾಮ್ ಪೂರ್ತಿ ನಿಂತರೂ ಹತ್ತುವ ಧೈರ್ಯ ಸಾಲದೆ ಮೂರು ಟ್ರಾಮ್ ಬಿಟ್ಟೆ. ಆಫೀಸಿನಲ್ಲಿ ಫ್ಯಾನಿನ ಕೆಳಗಿದ್ದ ನನ್ನ ಕುರ್ಚಿಯನ್ನು ಆಚೆಗೆ ಸರಿಸಿಕೊಂಡೆ. ನಾಡಿ ಹಿಡಿದು ನೋಡಿಕೊಳ್ಳುತ್ತಿದ್ದೆ. ಈಗ ತೋಳು ಬಿಚ್ಚಿರಬಹುದು, ಈಗ ಬೆನ್ನು. ಒಮ್ಮೆ ಸೀನಿದಾಗ, ಕೊರಳಪಟ್ಟಿ ಹೋಯಿತು ಎಂದುಕೊಂಡೆ. ಹೆಂಡತಿ ಡಾಕ್ಟರರ ಹತ್ತಿರ ಹೋಗೋಣವೆ ಎಂದಳು. ಏನೆಂದು ಹೇಳುವುದು.

ಹನ್ನೊಂದನೆಯ ದಿನ ತಮ್ಮ ಅಂಗಿಯನ್ನು ತಂದುಕೊಟ್ಟ. ಸ್ಟುಡಿಯೋದವರು ಒಪ್ಪಿದರಂತೆ. ಅಮ್ಮನ ಕಾಲಿಗೆ ಬಿದ್ದ, ಚಹಾ ಕುಡಿದ, ಮೆಟ್ಟಿಲಿನ ಉದ್ದಕ್ಕೂ ಮಾತನಾಡಿಸಿಕೊಂಡು ಇಳಿದುಹೋದ. ಅವನ ದನಿ ಕೇಳಿಸದಾದ ಮೇಲೆ ನಾನು ಕಿಟಕಿಯ ಹತ್ತಿರ ಕೂತು ಅಂಗಿಯನ್ನು ಒಳಗಿನದು ಹೊರಗೆ ಮಾಡಿ ನೋಡಿದೆ. ಸಾರಿನ ಕಲೆ ಹೋಗಿತ್ತು. ದಾರ ಅದೇ ಕರಿದಾರ, ನಲವತ್ತು ವರ್ಷದಲ್ಲಿ ಕಂದು ಬಣ್ಣಕ್ಕೆ ತಿರುಗಿದ್ದು. ಅಮ್ಮನ ಹೊಲಿಗೆ ಒಂದು ಉದ್ದ, ಒಂದು ಗಿಡ್ಡ, ಯಾವ ದರ್ಜಿಯೂ ಬೇಕೆಂದರೂ ಹಾಗೆ ಹೊಲಿಯಲಾರ. ಒಂದೊಂದು ಜೋಡಣೆಯನ್ನೂ ಬೆರಳಾಡಿಸಿ ನೋಡಿದೆ. ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ. ಹತ್ತು ದಿನ ನಾನು ಸತ್ತದ್ದು ಸುಮ್ಮನೆ.

ಚಿತ್ರ ಬಂತು. ಹೆಂಡತಿ ಒತ್ತಾಯಿಸಿದಳೆಂದು ಹೋದೆ. ಚಿತ್ರ ಬಣ್ಣದ್ದಲ್ಲ. ಹದಿನಾಲ್ಕು ಮನೆಯ ಬಣ್ಣವೆಲ್ಲ ಪರದೆಯ ಮೇಲೆ ಬೂದಿ ಮತ್ತು ಇದ್ದಿಲಾಗಿ ಕಂಡಿತು. ಒಳಗೊಳಗೇ ಹಿಗ್ಗಿದೆ, ಸುಳ್ಳೇಕೆ ಹೇಳಲಿ. ಆದರೆ ಜನಕ್ಕೆ ಅದೇನೂ ತೊಂದರೆಯಾಗಲಿಲ್ಲ. ಕಪ್ಪುಬಿಳುಪಿನಲ್ಲಿ ನೋಡಿ ಬಂದು ಬಣ್ಣದಲ್ಲಿ ಹೊಲಿಸಿಕೊಂಡರು. ಪರದೆಯ ಮೇಲೆ ಇನ್ನೊಂದನ್ನೂ ಕಂಡೆ. ನಾಯಕನ ಅಂಗಿಯ ಎಡಭುಜ ಎರಡು ಬೆರಳಿನಷ್ಟು ಇಳಿದಿತ್ತು. ಅಂಗಿ ಬೆಳೆಸುವಾಗ ಅಮ್ಮ ಎಡತೋಳಿನ ಕೆಳಗೆ ಹೆಚ್ಚು ಪದರ ಕೊಟ್ಟಿದ್ದಳು, ಒಳಗಿನಿಂದ ಅದು ಹೇಗೆ ನಿಂತಿದೆ ಎಂದು ಬಿಚ್ಚದವನಿಗೆ ತಿಳಿಯುವುದಿಲ್ಲ. ನನ್ನ ತಮ್ಮ ಅಂದಾಜಿನ ಮೇಲೆ ಹೊಲಿದಿದ್ದ. ಅಂದಾಜು ತಪ್ಪಿತ್ತು.

ಆ ತಪ್ಪೇ ಫ್ಯಾಶನ್ನಾಯಿತು. ಒಂದು ಸಂಜೆ ಲೋಕಲ್ಲಿನಲ್ಲಿ ನನ್ನೆದುರು ಅಂಥ ಅಂಗಿ ತೊಟ್ಟ ಒಬ್ಬ ಹುಡುಗ ಕೂತಿದ್ದ. ನಾನು ಅವನ ಭುಜವನ್ನೇ ನೋಡುತ್ತಿದ್ದದ್ದು ಕಂಡು, ಅಂಕಲ್, ಎಡಗಡೆ ಇಳಿದಿದ್ದರೆ ಮಾತ್ರ ಅಸಲಿ, ನೆಟ್ಟಗಿದ್ದರೆ ನಕಲಿ ಎಂದು ಹಿಂದಿಯಲ್ಲಿ ಬುದ್ಧಿ ಹೇಳಿದ. ನನಗೆ ತಡೆಯಲಾಗಲಿಲ್ಲ. ಇದು ನನ್ನ ಅಂಗಿ, ನನಗೆ ಮೂರು ವರ್ಷವಾಗಿದ್ದಾಗಿನದು ಎಂದೆ. ಅವನು ನನ್ನ ಬಿಳಿ ಅಂಗಿಯನ್ನೂ ಮಡಿಲಿನಲ್ಲಿದ್ದ ಕೊಡೆಯನ್ನೂ ನೋಡಿ, ಮುಂದಿನ ಸ್ಟೇಶನ್ನಿನಲ್ಲಿ ಬೇರೆ ಬೋಗಿಗೆ ಹೋದ.

ಆ ಶನಿವಾರ ಮತ್ತೆ ಅಂಧೇರಿಗೆ ಹೋದೆ. ಅಂಗಡಿಯಲ್ಲಿ ಈಗ ನಾಲ್ಕು ಮಶಿನ್ನುಗಳು. ತಮ್ಮ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಯಾರದೋ ಬೆನ್ನು ಅಳೆಯುತ್ತಿದ್ದ. ಗಿರಾಕಿ ಹೋದ ಮೇಲೆ ಕೇಳಿಯೇಬಿಟ್ಟೆ.

“ಯಾಕೋ ಬಿಚ್ಚಲಿಲ್ಲ?”

“ಟೈಮ್ ಎಲ್ಲಿತ್ತಣ್ಣ,” ಎಂದ. “ಸುಮ್ಸುಮ್ನೆ ಖಾಲಿಪೀಲಿ ಅದನ್ನ ಬಿಚ್ಚು, ಮತ್ತೆ ಹೊಲಿ. ಅವರಿಗೆ ಅರ್ಜೆಂಟಿತ್ತು.”

ಹತ್ತು ದಿನ ಇಟ್ಟುಕೊಂಡಿದ್ದವನು ಟೈಮ್ ಇರಲಿಲ್ಲ ಎನ್ನುತ್ತಾನೆ. ಹೇಳುವಾಗ ನನ್ನ ಕಡೆ ನೋಡದೆ ಟೇಪನ್ನು ಬೆರಳಿಗೆ ಸುತ್ತುತ್ತಿದ್ದ. ಅಮ್ಮ ಹೇಳಿದ್ದಳೋ, ತಾನೇ ಊಹಿಸಿದನೋ, ಅಥವಾ ನನ್ನ ಜೀವ ಆ ದಾರದಲ್ಲಿದೆ ಎಂದು ಅವನೂ ಚಿಕ್ಕಂದಿನಿಂದ ನಂಬಿಕೊಂಡೇ ಬಂದಿದ್ದನೋ ತಿಳಿಯದು. ಅವನ ಜಾಗದಲ್ಲಿ ನಾನಿದ್ದು ಅವನ ಅಂಗಿ ನನ್ನ ಕೈಗೆ ಸಿಕ್ಕಿದ್ದರೆ ನಾನು ಖಂಡಿತ ಬಿಚ್ಚಿ ನೋಡುತ್ತಿದ್ದೆ. ಒಳ್ಳೆಯತನದಲ್ಲೂ ಅವನಿಗೆ ಇಡೀ ಬಟ್ಟೆ, ನನಗೆ ಚೂರು. ಅದಕ್ಕೂ ಹೊಟ್ಟೆ ಉರಿಯಿತು. ಆದರೂ ಎದ್ದು ಬರಲಿಲ್ಲ.

ನನಗೂ ಒಂದು ಹೊಲಿ ಎಂದೆ. ಯಾಕೆ ಹಾಗೆಂದೆನೋ, ಆಫೀಸಿಗೆ ತೊಟ್ಟುಕೊಂಡು ಹೋಗುವ ಧೈರ್ಯ ಇವತ್ತಿಗೂ ಇಲ್ಲ. ಅವನು ನಗಲಿಲ್ಲ. ನನ್ನನ್ನು ನಿಲ್ಲಿಸಿ ಎದೆ, ತೋಳು, ಕೊರಳು ಅಳೆದು ಪುಸ್ತಕದಲ್ಲಿ ಬರೆದುಕೊಂಡ. ಮುಂದೆ ಬಹಳ ಜನ ಇದ್ದಾರಣ್ಣ, ದೀಪಾವಳಿ ಆಗಬಹುದು ಎಂದ. ಸ್ವಂತ ಅಣ್ಣನೆಂದು ನನ್ನ ಹೆಸರನ್ನು ಒಂದು ಸಾಲೂ ಮೇಲೆ ಹಾಕಲಿಲ್ಲ.

“ಎಡಭುಜ ಮಾತ್ರ ನೆಟ್ಟಗಿರಲಿ,” ಎಂದೆ. “ಅಮ್ಮ ಹೊಲಿದ ಹಾಗೆ.”

ಅವನು ಪೆನ್ಸಿಲ್ ನಿಲ್ಲಿಸಿದ.

“ಹಾಗೆ ಬೇಕಂದ್ರೆ ಅದನ್ನ ಬಿಚ್ಚಿ ನೋಡಬೇಕಾಗತ್ತೆ.”

ಹೊರಗೆ ಚರ್ಚ್‌ಗೇಟ್ ಲೋಕಲ್ ಸದ್ದು ಮಾಡುತ್ತ ಹೋಯಿತು.

“ಸೊಟ್ಟಗೇ ಇರಲಿ ಬಿಡು,” ಎಂದೆ. ಅವನು ತಲೆಯಾಡಿಸಿ, ಅಳತೆಗಳ ಕೆಳಗೆ ಹಾಗೆಯೇ ಬರೆದುಕೊಂಡ.